ಹನ್ನೆರಡರೊಳಗೆ

ಬಂದವರೆಲ್ಲ ಹೋಗಿದ್ದರು. ಬಾಡಿಗೆಯ ಕುರ್ಚಿಗಳೂ ಹೋಗಿದ್ದವು. ಅಂತ್ಯಕ್ರಿಯೆಯ ನಂತರದ ಮೊದಲ ಮಾಮೂಲಿ ಬೆಳಿಗ್ಗೆ ಕಸದ ಬಕೆಟ್ಟನ್ನು ನಾನೇ ಕೆಳಗೆ ಒಯ್ದೆ. ಅದು ಅವನ ಕೆಲಸವಾಗಿತ್ತು.

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಮೂವತ್ತಮೂರನೇ ವಯಸ್ಸಿಗೆ ಆನ್‌ಲೈನಿನಲ್ಲಿ ಡಿಗ್ರಿಗೆ ಸೇರಿದ್ದ. ಎರಡು ಡಿಗ್ರಿ ಮಾಡಿದ ಹೆಂಡತಿಯನ್ನು ಅರ್ಥ ಕೇಳಲು ಅವನಿಗೆ ಬಿಗುಮಾನ. ಹೊಸ ಪದಗಳನ್ನು ತಾನೇ ಬರೆದು ಫ್ರಿಜ್ಜಿಗೆ ಅಂಟಿಸಿದ್ದ.

ಮಾಡ್ಯೂಲ್: ಪಾಠದ ಒಂದು ಮಹಡಿ.
ಅಸಿಂಕ್ರೊನಸ್: ಮೇಷ್ಟ್ರು ಮಲಗಿದ್ದರೂ ನಡೆಯುವ ಕ್ಲಾಸು.
ಮ್ಯೂಟ್: ಮನೆಯ ಜಗಳ ಕ್ಲಾಸಿಗೆ ಕೇಳದಂತೆ ಮಾಡುವ ಗುಂಡಿ.
ಡೆಡ್‌ಲೈನ್: ಬಾಗಿಲು ಮುಚ್ಚಿದ ಮೇಲೆ ಓಡಿ ಬಂದರೆ ಲಿಫ್ಟ್ ಸಿಗದು.

ಹನ್ನೊಂದಕ್ಕೆ ಫೋನ್ ಬಂತು. ಅವನ ಸಹಪಾಠಿ, ಆಸ್ಪತ್ರೆಯ ನರ್ಸ್. ಅವನ ಬಾಯಲ್ಲಿ ‘ಸೂಜಿ ಅಕ್ಕ’. ಮೂವರು ಸೇರಿ ಮಾಡಿದ ಪ್ರಾಜೆಕ್ಟನ್ನು ಮೂವರೂ ಬೇರೆಬೇರೆಯಾಗಿ ಸಬ್ಮಿಟ್ ಮಾಡಬೇಕಂತೆ. ಒಬ್ಬರು ಬಿಟ್ಟರೂ ಮೂವರಿಗೂ ಸೊನ್ನೆ. ಇವನು ಬರೆದು ಮುಗಿಸಿ, ಡ್ರಾಫ್ಟ್ ಎಂದು ಉಳಿಸಿಟ್ಟಿದ್ದ. ಮೇಷ್ಟ್ರಿಗೆ ಅವಳು ಎರಡು ಸಲ ಬರೆದರೆ, ಎರಡು ಕೆಲಸದ ದಿನಗಳಲ್ಲಿ ಉತ್ತರಿಸುತ್ತೇವೆ ಎಂಬ ಯಂತ್ರದ ಉತ್ತರ. ಇದರಲ್ಲಿ ಪಾಸಾದರೆ ಮಾತ್ರ ಅವಳಿಗೆ ವಾರ್ಡಿನ ಮೇಲ್ವಿಚಾರಕಿಯ ಹುದ್ದೆ. ಹತ್ತು ವರ್ಷ ಕಾದಿದ್ದಳು.

"ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಮುಚ್ತದೆ, ತಂಗಿ."

"ಮೊದಲೇ ಹೇಳಬಾರದಿತ್ತಾ?"

"ಯಾವಾಗ ಹೇಳಲಿ? ಹೆಣದ ಮುಂದೆ ನಿಂತುಕೊಂಡಾ?"

ಲ್ಯಾಪ್‌ಟಾಪ್ ತೆರೆದೆ. ಪಾಸ್‌ವರ್ಡನ್ನು ಒಳಬದಿಗೆ ಚೀಟಿ ಮಾಡಿ ಅಂಟಿಸಿದ್ದ. ಮೋಟಾರಿಗೆ, ವೈರಿಗೆ ಚೀಟಿ ಅಂಟಿಸಿ ರೂಢಿಯಾದ ಕೈ. ಆದರೆ ಪೋರ್ಟಲ್ ಅವನ ಮೊಬೈಲಿಗೆ ಬರುವ ಒಟಿಪಿಯನ್ನೂ ಕೇಳಿತು. ಮೊಬೈಲು ಅತ್ತೆಯ ದಿಂಬಿನ ಚೀಲದೊಳಗಿತ್ತು. ಅವನು ಹೋದ ದಿನವೇ ಅವರು ಅದನ್ನು ಆಫ್ ಮಾಡಿದ್ದರು.

ಕೇಳಿದೆ. ಅತ್ತೆ ದಿಂಬಿನ ಮೇಲೆ ಕೈಯಿಟ್ಟರು.

"ಬೇಡ. ಆನ್ ಮಾಡಿದ್ರೆ ಯಾರಾದ್ರೂ ಫೋನ್ ಮಾಡ್ತಾರೆ. ಅವನಿಲ್ಲ ಅಂತ ಇನ್ನೆಷ್ಟು ಜನಕ್ಕೆ ಹೇಳಲಿ?"

ಹನ್ನೊಂದು ಇಪ್ಪತ್ತಾರು. ಯಾರಿಗಾಗಿ ಎಂದು ಹೇಳಿದೆ. ಅವರು ಗೋಡೆ ನೋಡುತ್ತ ಕೂತರು. ಗಡಿಯಾರ ಅದೇ ಗೋಡೆಯಲ್ಲಿತ್ತು.

"ಕ್ಲಾಸಲ್ಲಿ ಇವನಿಗೆ ಬೈತಿದ್ದಳಲ್ಲ, ಅವಳಾ?"

"ಹೂಂ."

"‘ಎದೆ ಉರಿ ಅಂತೀಯಲ್ಲ, ಹೋಗಿ ತೋರಿಸ್ಕೊಳ್ಳೋ’ ಅಂತ ಇವನಿಗೆ ಹೇಳಿದ್ದು ಅವಳೊಬ್ಬಳೇ ಕಣೇ. ನಾನೂ ಹೇಳಲಿಲ್ಲ, ನೀನೂ ಹೇಳಲಿಲ್ಲ."

ದಿಂಬಿನ ಚೀಲದಿಂದ ಮೊಬೈಲು ತೆಗೆದುಕೊಟ್ಟರು.

ಬ್ಯಾಟರಿಯಲ್ಲಿ ಒಂದು ಗುಟುಕೂ ಇರಲಿಲ್ಲ. ಚಾರ್ಜರ್ ಚುಚ್ಚಿ ನಿಂತೆ. ಹನ್ನೊಂದು ನಲವತ್ತೊಂಬತ್ತಕ್ಕೆ ಬೆಳಕು ಬಂತು. ಹಿಂದೆಯೇ ಐದು ದಿನದ ಸಂದೇಶಗಳು ಒಂದರ ಮೇಲೊಂದು ಟಣಗುಟ್ಟಿದವು. ಅತ್ತೆ ಕಿವಿ ಮುಚ್ಚಿಕೊಂಡರು. ಒಟಿಪಿಯ ಆರು ಅಂಕಿಗಳನ್ನು ಒಂದು ಸಲ ತಪ್ಪಾಗಿ ಹಾಕಿದೆ. ಹೊಸದನ್ನು ತರಿಸಿಕೊಂಡೆ.

ಹನ್ನೊಂದು ಐವತ್ತನಾಲ್ಕು. ಹದಿನಾಲ್ಕು ಪುಟ. ಓದಲಿಲ್ಲ. ಕೊನೆಯಲ್ಲಿ ಒಂದು ಖಾಲಿ ಚೌಕ: ಇದು ನನ್ನದೇ ಕೆಲಸವೆಂದು ಪ್ರಮಾಣ ಮಾಡುತ್ತೇನೆ. ಗುರುತು ಹಾಕದೆ ಗುಂಡಿ ಒತ್ತಲಾಗದು. ಬೇರೆಯವರು ಹಾಕಿದರೆ ರದ್ದು ಎಂದು ಕೆಳಗೆ ಸಣ್ಣಕ್ಷರದಲ್ಲಿತ್ತು.

ಗುರುತು ಹಾಕಿದೆ. ಪಕ್ಕದ ಟಿಪ್ಪಣಿ ಜಾಗದಲ್ಲಿ ಬರೆದೆ: ನನ್ನ ಗಂಡ ಐದು ದಿನದ ಹಿಂದೆ ತೀರಿಕೊಂಡರು. ಕೆಲಸ ಅವರದು. ಒತ್ತಿದ ಬೆರಳು ನನ್ನದು.

ಒತ್ತಿದೆ. ಪರದೆಯ ಮೇಲೆ ಚಕ್ರ ಸುತ್ತತೊಡಗಿತು. ಐವತ್ತೇಳು. ಐವತ್ತೆಂಟು. ಪ್ರಾಜೆಕ್ಟಿನ ಮೂರು ಹೆಸರುಗಳಲ್ಲಿ ಉಳಿದಿದ್ದ ಅವನದೂ ಹಸಿರಾಯಿತು.

ಎರಡು ಗಂಟೆಗೆ ಮೇಷ್ಟ್ರ ಉತ್ತರ ಬಂತು. ಒಂದೇ ಪದ: ಸ್ವೀಕರಿಸಿದ್ದೇನೆ.

ಸಂಜೆ ಅವನ ಹೆಡ್‌ಫೋನ್ ಹಿಡಿದು ಆಸ್ಪತ್ರೆಗೆ ಹೋದೆ. ಅವನದಲ್ಲ, ಅವಳದು; ಎರಡು ತಿಂಗಳ ಹಿಂದೆ ಎರವಲು ತಂದಿದ್ದ. ಕ್ಲಾಸಿನ ಸದ್ದಿನಿಂದ ನಿಮಗೆ ತೊಂದರೆಯಾಗಬಾರದು, ಅದಕ್ಕೇ ಎಂದಿದ್ದ. ಅದಾದ ಮೇಲೆ ಹೋಗಿ ತೋರಿಸ್ಕೊಳ್ಳೋ ಎಂಬ ಅವಳ ಬೈಗುಳ ನಮಗೆ ಕೇಳಿಸಿರಲಿಲ್ಲ.

ಸೂಜಿ ಅಕ್ಕ ಕಾರಿಡಾರಿಗೆ ಬಂದಳು. ಹೆಡ್‌ಫೋನ್ ಕೊಟ್ಟೆ. ಹೆಡ್‌ಫೋನಿನ ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೇಳಿದಳು: "ಲ್ಯಾಪ್‌ಟಾಪಿನ ಸ್ಪೀಕರ್ ಸರಿಯಾಯ್ತಾ? ಕೆಟ್ಟುಹೋಗಿದೆ ಅಂತ ಇಸ್ಕೊಂಡಿದ್ದ."

ಅದು ಎಂದೂ ಕೆಟ್ಟಿರಲಿಲ್ಲ.

"ಹೂಂ ಅಕ್ಕ," ಎಂದೆ. "ಸರಿಯಾಯ್ತು."