ಕಾದ ಫರಸಿಯ ಕಡೀ ಹಾಡು

ಭಜನೆ ಮುಗಿದದ್ದೇ ತಡ, ಟೇಪಿನೊಳಗಿಂದ ಗಿಟಾರು ಗುರ್ರೆಂದಿತು. ಅದರ ಬೆನ್ನಿಗೇ ಒಂದು ಗಂಡುದನಿ ಒದರಿತು. ಕೂತವರ ಕಾಲು ದಾಟುತ್ತ ಓಡಿಬಂದ ಅಣವೀರಪ್ಪ ಗುಂಡಿ ಒತ್ತಿ ನಿಲ್ಲಿಸಿದ.

ಕಮಲಾಪುರದ ಆ ಪಡಸಾಲೆಯಲ್ಲಿ ಅವನ ತಮ್ಮ ಸೂಗಪ್ಪನನ್ನು ಗೋಡೆಗಾನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಕೊರಳತುಂಬ ಚೆಂಡುಹೂ. ನಿನ್ನೆ ನಂದೂರಿನ ದಾಲ್ ಮಿಲ್ಲಿನಲ್ಲಿ ಎದೆ ಹಿಡಿದುಕೊಂಡು ಕುಸಿದವನು ಮತ್ತೆ ಏಳಲಿಲ್ಲ.

"ಯಾಕ ಬಂದ್ ಮಾಡ್ದಿ?" ತಾಯಿ ಚಂದಮ್ಮ ಕೇಳಿದಳು.

"ಕ್ಯಾಸೆಟ್ ಖರಾಬ್ ಆಗ್ಯಾದವ್ವ."

"ಖರಾಬ್ ಅಲ್ಲ. ಅದು ನಮ್ಮ ಸೂಗನ ದನಿ."

ಅಣವೀರಪ್ಪ ಬಾಗಿಲ ಬಳಿ ನಿಂತಿದ್ದ ಜಯತೀರ್ಥನನ್ನು, ಎಲ್ಲ ಇವನದೇ ಉಸಾಬರಿ ಎಂಬಂತೆ ನೋಡಿದ. ಕಲಬುರಗಿಯಲ್ಲಿ ಬ್ಯಾಂಕಿನ ಗುಮಾಸ್ತನಾಗಿದ್ದ ಜಯತೀರ್ಥ ಒಂದು ಕಾಲಕ್ಕೆ ಸೂಗಪ್ಪನ ಬ್ಯಾಂಡಿನಲ್ಲಿ ಗಿಟಾರು ನುಡಿಸುತ್ತಿದ್ದ.

*

ತೊಂಬತ್ತೆರಡರ ಬೇಸಿಗೆ. ಗೆಳೆಯರು ಸೇರಿ ಕಲಬುರಗಿಯ ಜಗತ್ ಸರ್ಕಲ್ಲಿನ ಹಿಂದಿನ ಒಂದು ಖೋಲಿಯನ್ನೇ ಸ್ಟುಡಿಯೋ ಮಾಡಿಕೊಂಡರು. ರಸ್ತೆಯ ಸದ್ದು ಬರಬಾರದೆಂದು ಹಳೇ ಗೋಣಿಚೀಲಗಳನ್ನು ಗೋಡೆಗೆ ಬಡಿದರು. ಸೂಗಪ್ಪ ತಾನೇ ಬರೆದು ತಾನೇ ಹಾಡಿದ. ಜಯತೀರ್ಥ ಸಂಧ್ಯಾವಂದನೆ ತಪ್ಪಿಸಿ ಬಂದು ಗಿಟಾರು ಹಿಡಿದ. ತಮ್ಮ ರಾಕ್ ಆಲ್ಬಮ್ಮಿಗೆ 'ಕಾದ ಫರಸಿ' ಎಂದು ಹೆಸರಿಟ್ಟರು. ನಡುಮಧ್ಯಾಹ್ನ ಬರಿಗಾಲಲ್ಲಿ ಹಾಸುಗಲ್ಲಿನ ಅಂಗಳ ದಾಟಿದವರಿಗೆ ಬೇರೆ ಅರ್ಥ ಹೇಳಬೇಕಾಗಿಲ್ಲ ಎನ್ನುತ್ತಿದ್ದ ಸೂಗಪ್ಪ.

ಮಾರಲು ಒಪ್ಪಿದವನು ಕ್ಯಾಸೆಟ್ ಅಂಗಡಿಯ ಅಲ್ಲಾಬಕ್ಷ ಒಬ್ಬನೇ. ಒಯ್ದವರೆಲ್ಲ ತಿರುಗಿ ತಂದರು.

"ಗರಗರ ಅಂತದ ಭೈ. ಬ್ಯಾರೆ ಕೊಡು."

ಬೇರೆಯದೂ ಗರಗರ. ಅಲ್ಲಾಬಕ್ಷ ತನ್ನ ಟೇಪಿನ ಹೆಡ್ಡನ್ನು ಸ್ಪಿರಿಟ್ಟಿನಿಂದ ಒರೆಸಿ ಒರೆಸಿ ಸೋತ.

"ಜಯತೀರ್ಥ ಮಹಾರಾಜ್, ಹಿಟ್ಟಿನ ಗಿರಣ್ಯಾಗ ಕುಂತು ಬಾರ್ಸೀರೇನ್ರಿ?"

"ಅದು ಹಂಗ ಬಾರಸೋದು, ಅಲ್ಲಾಬಕ್ಷ."

"ಬೇಕಂತ ಕೆಡಿಸೀರಿ? ಹಂಗಾದ್ರ ಮ್ಯಾಲ ಬರದ ಹಾಕಬೇಕಿತ್ತಲ್ಲ, ಕ್ಯಾಸೆಟ್ ಛಲೋ ಅದ, ಹಾಡೇ ಹಿಂಗ ಅಂತ."

ಅಂಗಡಿ ಮುಂದಿದ್ದವರೆಲ್ಲ ನಕ್ಕರು. ಸೂಗಪ್ಪನೂ ನಕ್ಕ. ಉಳಿದ ಕ್ಯಾಸೆಟ್ಟುಗಳನ್ನು ಊರಿಗೆ ಹೊತ್ತು ತಂದು ಭಜನಾ ಮಂಡಳಿಗೆ ಕೊಟ್ಟುಬಿಟ್ಟ. ಅವರು ಅವುಗಳ ಮೇಲೆ ಭಜನೆ ತುಂಬಿಕೊಂಡರು. ಸೂಗಪ್ಪ ಮಿಲ್ಲಿಗೆ ಹೋಗತೊಡಗಿದ, ಮತ್ತೆ ಹಾಡಲಿಲ್ಲ.

*

"ಮಂದಿ ನಕ್ಕಿದ್ದು ಕೇಳೀನಿ. ಹಾಡು ಒಮ್ಮೀನೂ ಕೇಳಿಲ್ಲ," ಎಂದಳು ಚಂದಮ್ಮ. "ಅವನ್ನ ಒಯ್ಯೂದ್ರೊಳಗ ಹಚ್ಚು."

"ಇವತ್ತ ಬ್ಯಾಡವ್ವ." ಅಣವೀರಪ್ಪ ದನಿ ತಗ್ಗಿಸಿದ. "ಆವಾಗ ನಕ್ಕಿದ್ದು ಸಾಲದೇನು? ಅವನ ಮುಂದ ಕುಂತು ಮತ್ತ ನಗ್ತಾರ."

ಹೊರಗೆ ಹೆಣ ಒಯ್ಯುವ ಹೂವಿನ ವಿಮಾನ ಸಿದ್ಧವಾಗಿತ್ತು. ಹೊತ್ತು ಮುಳುಗುತ್ತದೆಂದು ಸ್ವಾಮಿಗಳು ಅವಸರ ಮಾಡುತ್ತಿದ್ದರು.

"ಇದು ಕಡೀ ಹಾಡ್ರಿ ಅವ್ವಾರ," ಎಂದ ಜಯತೀರ್ಥ. "ಭಜನಿ ಇಲ್ಲೀತನಕ ಬಂದಿಲ್ಲ. ಪೂರ್ತಿ ಉಳದದ." ಅಣವೀರಪ್ಪನ ಮುಖ ನೋಡದೆ, ಟೇಪನ್ನು ಒಂದಿಷ್ಟು ಹಿಂದಕ್ಕೆ ತಿರುಗಿಸಿ ಗುಂಡಿ ಒತ್ತಿದ.

ಗಿಟಾರು ಗರಗರ ಎಂದಿತು.

"ಸ್ಪೀಕರ್ ಹರದದೇನೋ," ಎಂದ ಒಬ್ಬ ಮುದುಕ.

ಮೂಲೆಯಲ್ಲಿ ಇಬ್ಬರು ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ಅಳುವೋ ನಗೆಯೋ ತಿಳಿಯದೆ ಅಣವೀರಪ್ಪ ಬಾಗಿಲಿಗೂ ಟೇಪಿಗೂ ತಿರುಗಾಡಿದ. ಚಂದಮ್ಮ ಮಾತ್ರ ತೆವಳಿಕೊಂಡು ಬಂದು ಟೇಪಿಗೆ ಕಿವಿಯಾನಿಸಿ ಕೂತಳು.

ಎತ್ತರದ ಸಾಲೊಂದರ ನಡುವೆ ದನಿ ತುಂಡಾಯಿತು. ಸೂಗಪ್ಪ ಜೋರಾಗಿ ಸೀನಿದ. ಜಯತೀರ್ಥನಿಗೆ ಅದು ಮರೆತೇಹೋಗಿತ್ತು. ಆಗ ಅದನ್ನು ಟೇಪಿನಿಂದ ತೆಗೆಯುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಯಾರೋ ಕಿಸಕ್ಕೆಂದರು. ಅಣವೀರಪ್ಪ ನಿಲ್ಲಿಸಲು ಕೈಚಾಚಿದ.

"ನೂರು ವರ್ಷ ಬಾಳಪ್ಪ," ಎಂದಳು ಚಂದಮ್ಮ.

ಅಣವೀರಪ್ಪನ ಬೆರಳು ಗುಂಡಿಯ ಮೇಲೆ ಹಾಗೇ ನಿಂತಿತು. ಸೂಗಪ್ಪ ಮೂಗೆಳೆದುಕೊಂಡು, ಮುಂದಿನ ಸಾಲು ಎತ್ತಿಕೊಂಡ.