ಜಾಹೀರಾತಿನಲ್ಲಿ ಮಾವ

ಬೆಂಗಳೂರಿನ ವಿದೇಶಿ ಸ್ಪೋರ್ಟ್ಸ್ ಕಾರು ಶೋರೂಮಿನಲ್ಲಿ ಪ್ರಚಾರದ ಹೊಣೆ ಸುಮಲತಳದು. ದಿನವೂ ಬಂಗಾರಪೇಟೆಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದಳು. ಇಂಥ ಕಾರನ್ನು ಯಾರೂ ಓಡಾಟಕ್ಕೆಂದು ಕೊಳ್ಳುವುದಿಲ್ಲ, ಪಕ್ಕದವನ ಹತ್ತಿರ ಇಲ್ಲ ಅನ್ನುವುದಕ್ಕೇ ಕೊಳ್ಳುತ್ತಾರೆ ಎಂಬುದನ್ನು ಅವಳು ಬೇಗ ಕಲಿತಿದ್ದಳು. ಹೊಸ ಮಾಡೆಲ್ಲಿಗೆ ಇಂಗ್ಲಿಷಿನಲ್ಲಿ ಅವಳು ಬರೆದ ಸಾಲೂ ಅದನ್ನೇ ಹೇಳುತ್ತಿತ್ತು: ಎಲ್ಲರ ಕೈಗೂ ಎಟುಕುವಂಥದ್ದಲ್ಲ.

ಜಾಹೀರಾತಿನ ಚಿತ್ರೀಕರಣಕ್ಕೆ ಕೆ.ಜಿ.ಎಫ್. ಸೂಚಿಸಿದವಳೂ ಅವಳೇ. ಚಿನ್ನದ ನೆಲ, ಚಿನ್ನದ ಬಣ್ಣದ ಕಾರು. ಮ್ಯಾನೇಜರ್ ಶ್ಯಾಮಲಾ ಕೂಡಲೇ ಒಪ್ಪಿ, "ಹಳೇ ಗಣಿ ಕೆಲಸಗಾರ ಒಬ್ಬರು ಸಿಕ್ಕರೆ ಇನ್ನೂ ಚೆನ್ನ" ಎಂದಾಗ ಸುಮಲತ ಅಲ್ಲಿನ ಕೋರಮಂಡಲ್ ಬಡಾವಣೆಯ ಮುನಿಶಾಮಿಯ ಹೆಸರು ಹೇಳಿದಳು. ಅವನು ತನ್ನ ಸೋದರಮಾವ, ಅಪ್ಪ ತೀರಿಕೊಂಡ ಮೇಲೆ ತನ್ನನ್ನು ಸಾಕಿದವನು, ಗಣಿ ಮುಚ್ಚಿದ ಮೇಲೂ ಗಾರೆ ಕೆಲಸ ಮಾಡಿ ಓದಿಸಿದವನು ಎಂದು ಮಾತ್ರ ಹೇಳಲಿಲ್ಲ.

ಮುನಿಶಾಮಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದ. ನಿರ್ದೇಶಕ ಅದನ್ನು ಬಿಚ್ಚಿಸಿ, ಹರಿದ ಬನಿಯನ್ ಹಾಕಿಸಿ, ಮುಖಕ್ಕೆ ಮಸಿ ಬಳಿಸಿದ. ಸುಮಲತ ಫೋನು ನೋಡುತ್ತಾ ನಿಂತಳು. ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸಯನೈಡ್ ಗುಡ್ಡದ ಕೆಳಗೆ ಕಾರು ಬಂದು ನಿಂತಾಗ ಅವನು ಅದರ ಮೈ ಸವರಲು ಕೈ ಚಾಚಿದ.

"ಯಜಮಾನ್ರೇ, ಮುಟ್ಟಬೇಡಿ!"

ಕೂಗಿದವಳು ಸುಮಲತ. ಅವನು ಕೈ ಹಿಂದಕ್ಕೆಳೆದುಕೊಂಡು ಅವಳತ್ತ ತಿರುಗಿ ನೋಡಿದ. ಕ್ಯಾಮೆರಾ ಓಡುತ್ತಿತ್ತು. ನಿರ್ದೇಶಕನಿಗೆ ಅದೇ ಹಿಡಿಸಿತು.

ಜಾಹೀರಾತು ಹೊರಬಂದಾಗ ಕೊನೆಯಲ್ಲಿ ಆ ಕೈ, ಆ ಮುಖ, ಅದರ ಮೇಲೆ ಅವಳ ಸಾಲು. ಶೋರೂಮಿಗೆ ವಿಚಾರಿಸಿ ಬರುವವರು ಹೆಚ್ಚಿದರು. ಎಲ್ಲರೂ ಅವಳ ಕೈ ಕುಲುಕಿದರು. ಅವಳಿಗೆ ಮಾತ್ರ ಫೋನು ತೆಗೆದರೆ ಸಾಕು, ಆ ನೋಟ ಎದುರಾಗುತ್ತಿತ್ತು. ತಡೆಯಲಾರದೆ ಶ್ಯಾಮಲಾಳ ಬಳಿ ಹೋದಳು.

"ಮೇಡಂ, ಆ ಮುದುಕನ ಶಾಟ್ ತೆಗೆಸಿಬಿಡೋಣ. ಬಡತನ ಕಂಡರೆ ಬ್ರ್ಯಾಂಡಿನ ಗತ್ತು ಇಳಿಯುತ್ತೆ."

ಆಗಲೂ ಮಾವ ಎಂಬ ಮಾತು ಬಾಯಿಗೆ ಬರಲಿಲ್ಲ. ಶ್ಯಾಮಲಾ ಒಪ್ಪಿದಳು. ಶಾಟ್ ಹೋಯಿತು.

ಭಾನುವಾರ ಮುನಿಶಾಮಿ ಬಂಗಾರಪೇಟೆಯ ಮನೆಗೆ ಬಂದ.

"ಸುಮಾ, ನನ್ನ ಯಾಕಮ್ಮ ತೆಗ್ದಾಕ್ಬುಟ್ರು? ಟೀ ಅಂಗ್ಡೀಲಿ ಎಲ್ರಿಗೂ ಫೋನಲ್ಲಿ ತೋರಿಸ್ತಿದ್ದೆ. ಈಗ ಒತ್ತಿದ್ರೆ ಬರೀ ಕಾರು ಓಗ್ತದೆ. ನಾನು ಸರಿಯಾಗ್ ಮಾಡ್ಲಿಲ್ವಾ?"

ಅವಳಿಗೆ ನೆಲ ಬಿರಿಯಬಾರದೇ ಅನ್ನಿಸಿತು. "ನಾನೇ ತೆಗೆಸ್ದೆ ಮಾವ" ಎಂದು, ಇಂಗ್ಲಿಷ್ ಸಾಲಿನ ಅರ್ಥವನ್ನೂ, ಅದನ್ನು ಬರೆದವಳು ತಾನೇ ಎಂಬುದನ್ನೂ ಹೇಳಿದಳು.



"ಅದ್ರಾಗ್ ಏನೈತೆ? ಆ ಕಾರು ನಮ್ ಕೈಗ್ ಎಟುಕ್ತದಾ? ನಿಜಾನೇ ಬರ್ದಿದೀಯ. ಮುಟ್ಬೇಡ ಅಂದಿದ್ದೂ ಸರಿ, ಗೀರು ಬಿದ್ದಿದ್ರೆ ನಿನ್ನೇ ಕೇಳೋರು. ಮಾವ ಅನ್ನಕ್ಕೆ ಏನಾಗಿತ್ತಮ್ಮ?"

"ಅವರ ಮುಂದೆ... ನಾಚಿಕೆ ಆಯ್ತು."

"ನನ್ನಿಂದಾನಾ?"

ಅವಳು ಸುಳ್ಳು ಹೇಳಲಾರದೆ ಹೌದೆಂದು ತಲೆಯಾಡಿಸಿದಳು. ಊಟಕ್ಕೆ ಎಲೆ ಹಾಕಿದ್ದರೂ ಅವನು ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋದ.

ಮರುದಿನ ಅವಳು ಶ್ಯಾಮಲಾಳಿಗೆ ಎಲ್ಲವನ್ನೂ ಹೇಳಿದಳು. ಶ್ಯಾಮಲಾಳ ಮುಖ ಸಪ್ಪಗಾಯಿತು. "ಮೊದಲೇ ಹೇಳಬಾರದಿತ್ತಾ ಸುಮಾ? ಆ ಬನಿಯನ್ ಹಾಕಿಸೋಕೆ ನಾನು ಬಿಡ್ತಿರಲಿಲ್ಲ" ಎಂದಳು. ಅಷ್ಟು ಸುಲಭವಿತ್ತೆಂದು ತಿಳಿದು ಸುಮಲತಳಿಗೆ ಮತ್ತಷ್ಟು ಕುಸಿದಂತಾಯಿತು.

ಸಂಜೆ ರೈಲಿಳಿದು ಮನೆಗೆ ಹೋಗದೆ ಕೋರಮಂಡಲ್‌ನ ಬಸ್ಸು ಹತ್ತಿದಳು. ಅತ್ತೆ ಬಾಗಿಲು ತೆರೆದು, "ಒಳಗವ್ರೆ, ಓಗು" ಎಂದಳು. ಮುನಿಶಾಮಿ ಮಂಚದ ಮೇಲೆ ಕೂತು ಟಿ.ವಿ. ನೋಡುತ್ತಿದ್ದ. ಅವಳನ್ನು ಕಂಡು ಕೊಂಚ ಸರಿದು ಜಾಗ ಬಿಟ್ಟ. ಕಣ್ಣು ಮಾತ್ರ ಟಿ.ವಿ.ಯಿಂದ ತೆಗೆಯಲಿಲ್ಲ. ಅವಳು ಪಕ್ಕದಲ್ಲಿ ಕೂತಳು.