ತಲೆಯೊಳಗಿನ ಧೈರ್ಯ

ಅತ್ತಿಗುಪ್ಪೆಯ ಲಕ್ಷ್ಮೀಪತಿ ಎಂಥ ಸಾಧುವೆಂದರೆ, ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ ತಾನೇ ಸಾರಿ ಕೇಳುತ್ತಿದ್ದ. ಹೆಂಡತಿ ಕೋಕಿಲಾಗೆ ಆ ಮನುಷ್ಯನೇ ಇಷ್ಟ. ಅಂಥವನು ಯುಗಾದಿ ಕಳೆದ ಮೇಲೆ ಯಾಕೋ ತಿರುಗಿಬಿದ್ದ. ಕಂಡಕ್ಟರನ ಸೀಟಿ ಕಣ್ಣಿಗೆ ಬಿದ್ದದ್ದೇ ತಡ, ಕಿತ್ತುಕೊಂಡು ಊದಿ ಬಸ್ಸು ನಿಲ್ಲಿಸಿದ. ಬಾಪೂಜಿ ನಗರದ ನೆಂಟರ ನಾಮಕರಣಕ್ಕೆ ಹೋಗಿ, ಮಗು ಥೇಟ್ ಕೋತಿ ಥರ ಇದೆ ಅಂದು, ಪಕ್ಕದವರ ಎಲೆಯ ಹೋಳಿಗೆಗೆ ಕೈ ಹಾಕಿದ. ಕೋಕಿಲಾ ಮನೆಮನೆಗೆ ಹೋಗಿ ಕ್ಷಮೆ ಕೇಳುವುದೇ ಕೆಲಸವಾಯಿತು.

ಬೀದಿಗೆ ಮಾತ್ರ ಹಬ್ಬ. ನಲ್ಲಿ ನೀರಿಗಾಗಿ ಕಚೇರಿ ಅಲೆದು ಚಪ್ಪಲಿ ಸವೆಸಿದ್ದ ಬಡಾವಣೆ ಸಂಘದ ಅಧ್ಯಕ್ಷ ರೇವಣಸಿದ್ದಪ್ಪನವರು ಒಂದು ದಿನ ಇವನನ್ನೂ ಕರೆದುಕೊಂಡು ಹೋದರು. ಎಂಜಿನಿಯರ್ ಎಂದಿನಂತೆ ಮುಂದಿನ ತಿಂಗಳು ನೋಡೋಣ ಎಂದು ರಾಗ ಎಳೆಯುತ್ತಿದ್ದ. ಲಕ್ಷ್ಮೀಪತಿಗೆ ಮೇಜಿನ ಮೇಲಿನ ರಬ್ಬರ್ ಸ್ಟ್ಯಾಂಪ್ ಕಂಡಿತು. ಎತ್ತಿಕೊಂಡು ಅರ್ಜಿಯ ಮೇಲೆ ಧಡ್ ಎಂದು ಒಂದು ಒತ್ತಿದ. ಎಂಜಿನಿಯರ್‌ನ ಬಿಳಿ ಅಂಗಿಯ ತೋಳಿಗೆ ಇನ್ನೊಂದು.

"ನಿನ್ನೂ ಮಂಜೂರು ಮಾಡಿದೀನಿ. ಈಗ ನೀರು ಬಿಡು."

ಇಷ್ಟು ಧೈರ್ಯದ ಹಿಂದೆ ಯಾರೋ ಮಂತ್ರಿ ಇರಲೇಬೇಕೆಂದು ಎಂಜಿನಿಯರ್ ನಡುಗಿದ. ಆ ವಾರವೇ ಪೈಪು ಬಂತು. ಕಾಲೇಜಿನ ಹಾಜರಿಯನ್ನೆಲ್ಲ ರಾಜಾಜಿನಗರದ ಟಾಕೀಸುಗಳಲ್ಲಿ ಹಾಕಿಸುತ್ತಿದ್ದ ಎದುರುಮನೆ ಕಿಟ್ಟಿ, ಇದು ಡಬಲ್ ಆಕ್ಟಿಂಗ್ ಎಂದು ಸಾರಿದ: ಸಾಧು ತಮ್ಮನನ್ನು ಯಾವುದೋ ಗೋಡೌನಿನಲ್ಲಿ ಕಟ್ಟಿಹಾಕಿದ್ದಾರಂತೆ, ಬಂದಿರುವವನು ಅಣ್ಣನಂತೆ.

ಕೋಕಿಲಾ ಗಂಡನನ್ನು ದೊಡ್ಡಾಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ಸುಮ್ಮನೆ ಮೇಜಿನ ಮೇಲೆ ಬಾಚಣಿಗೆ ಇಟ್ಟರು. ಇವನು ತಲೆ ಬಾಚಿಕೊಂಡ. ಆಮೇಲೆ ಅವರ ಕತ್ತಿನ ಸ್ಟೆತೊಸ್ಕೋಪನ್ನೇ ತೆಗೆದು ಅವರ ಎದೆಗಿಟ್ಟು, ಉಸಿರು ಎಳೆದುಕೊಳ್ಳಿ ಅಂದ. ಡಾಕ್ಟರು ಅಭ್ಯಾಸಬಲದಿಂದ ಎಳೆದುಕೊಂಡೂಬಿಟ್ಟರು.

ಸ್ಕ್ಯಾನ್ ಮಾಡಿಸಿದ ಮೇಲೆ ಅವರು ಬಿಡಿಸಿ ಹೇಳಿದರು. ಹಣೆಯ ಹಿಂದಿನ ಮಿದುಳೇ ಮನುಷ್ಯನ ಬ್ರೇಕು. ಕಂಡದ್ದಕ್ಕೆಲ್ಲ ಕೈ ಹಾಕದಂತೆ, ಅನಿಸಿದ್ದನ್ನೆಲ್ಲ ಆಡದಂತೆ ತಡೆಯುವುದು ಅದು. ಅದನ್ನು ನಿಂಬೆಹಣ್ಣಿನಷ್ಟು ಗಡ್ಡೆಯೊಂದು ಒತ್ತುತ್ತಿದೆ. ನೆನಪೆಲ್ಲ ಭದ್ರವಾಗಿದೆ, ನಾಚಿಕೆಯೇ ಹೋಗಿರುವುದು.

"ಧೈರ್ಯ ಅಲ್ಲಮ್ಮ ಇದು, ಕಾಯಿಲೆ. ತೆಗೆದ್ರೆ ಸರಿಹೋಗ್ಬಹುದು. ಬಿಟ್ರೆ ಮೊದ್ಲು ಕಣ್ಣು ಹೋಗುತ್ತೆ, ಆಮೇಲೆ ಪ್ರಾಣ."

ಸುದ್ದಿ ತಿಳಿದು ರೇವಣಸಿದ್ದಪ್ಪನವರು ಸೇಬು ಹಿಡಿದು ಓಡಿಬಂದರು, ಹಿಂದೆ ಕಿಟ್ಟಿ. ಸೇಬು ಕೊಟ್ಟು, ಆಪರೇಷನ್ ಮುಂದಕ್ಕೆ ಹಾಕಲು ಕೇಳಿದರು. ಬೀದಿದೀಪ ಆಗಬೇಕಿತ್ತು, ಮೆಜೆಸ್ಟಿಕ್‌ಗೆ ನೇರ ಬಸ್ಸು ಆಗಬೇಕಿತ್ತು.

"ಗಡ್ಡೆ ಎಲ್ಲಿಗೂ ಓಡಿಹೋಗಲ್ಲಮ್ಮ. ಬಸ್ಸೊಂದು ಬಂದ್ಬಿಡ್ಲಿ."

"ಇಂಟರ್ವಲ್‌ಗೇ ಹೀರೋನ ಮನೆಗೆ ಕಳಿಸ್ಬೇಡಿ ಆಂಟಿ," ಎಂದು ಕಿಟ್ಟಿ ಸೇರಿಸಿದ.

"ಹೀರೋ ನಿಮ್ಗೆ ಕಣೋ, ನಂಗೆ ಗಂಡ," ಅಂದಳು ಕೋಕಿಲಾ. "ನೆನ್ನೆ ನಾನು ಅಳ್ತಾ ಕೂತಿದ್ರೆ ಮುಖ ನೋಡಿ ನಕ್ರು. ಮುಂಚೆ ನನ್ ಕಣ್ಣಲ್ಲಿ ಒಂದು ಹನಿ ನೀರು ಕಂಡ್ರೆ ಅವ್ರ ಕೈಕಾಲು ಆಡ್ತಿರ್ಲಿಲ್ಲ. ನಂಗೆ ಆ ಮನುಷ್ಯ ವಾಪಸ್ ಬೇಕು. ಮೆಜೆಸ್ಟಿಕ್‌ಗೆ ನೀವು ನಡ್ಕೊಂಡ್ ಹೋಗಿ."

ಆಪರೇಷನ್ ಆಯಿತು. ಲಕ್ಷ್ಮೀಪತಿ ಬೋಳಿಸಿದ ತಲೆಗೆ ಬಟ್ಟೆ ಸುತ್ತಿಕೊಂಡು ಮನೆಗೆ ಬಂದ. ಮಾತು ಕಡಿಮೆ, ನಿದ್ದೆ ಜಾಸ್ತಿ. ವಾಪಸ್ ಬಂದದ್ದು ಯಾವ ಲಕ್ಷ್ಮೀಪತಿ ಎಂಬುದು ಗೊತ್ತಾಗದೆ ಕೋಕಿಲಾ ಒಳಗೊಳಗೇ ಬೇಯುತ್ತಿದ್ದಳು. ಹಾಗಿರುವಾಗ ಒಂದು ಸಂಜೆ ರೇವಣಸಿದ್ದಪ್ಪನವರು, ಕಿಟ್ಟಿ ಹಾರ ಹಿಡಿದು ಗೇಟು ತೆಗೆದರು. ಸದ್ದಿಗೆ ಲಕ್ಷ್ಮೀಪತಿ ಎದ್ದು, ಅಡುಗೆಮನೆ ಬಾಗಿಲ ಕರ್ಟನ್ ಹಿಂದೆ ಸೇರಿಕೊಂಡ.

"ಇಲ್ಲ ಅಂದ್ಬಿಡೇ," ಎಂದು ಪಿಸುಗುಟ್ಟಿದ. "ನಂಗೆ ಭಯ ಆಗತ್ತೆ ಕಣೇ."

ಕೋಕಿಲಾ ಸೆರಗಿನಿಂದ ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದು, ಮದುವೆಗೆ ಕರೆಯುವವಳ ಹಾಗೆ ಮುಖವರಳಿಸಿ, ಅವರು ಮನೆಯಲ್ಲಿಲ್ಲ ಎಂದಳು.

ರೇವಣಸಿದ್ದಪ್ಪನವರು ಪೆಚ್ಚಾದರು. ಕಿಟ್ಟಿಗೆ ಕರ್ಟನ್ ಕೆಳಗೆ ನಡುಗುತ್ತಿದ್ದ ಎರಡು ಪಾದ ಕಂಡವು.

"ಆಂಟಿ, ಡಾಕ್ಟ್ರು ತೆಗೆದ್ರಲ್ಲ, ಆ ಗಡ್ಡೆ... ಎಸೆದ್ಬಿಟ್ರಾ?"

"ಯಾಕೋ?"

ಕಿಟ್ಟಿ ಅಳತೆ ತೆಗೆಯುವ ಟೈಲರ್ ಥರ ರೇವಣಸಿದ್ದಪ್ಪನವರ ಹಣೆಯನ್ನೇ ನೋಡುತ್ತ ನಿಂತ.